ಇಮಾಮಸಾಬರ ದಪ್ಪು, ಗಂಗವ್ವನ ಸವಾಲು, ನಡುವೆ ನಾನು

ಕರೆಂಟು ಹೋಗಬಹುದಿತ್ತು. ಹೋಗದಿದ್ದರೂ ವೋಲ್ಟೇಜು ಇಳಿದು ಆಂಪ್ಲಿಫೈಯರು ಗೊರಕೆ ಹೊಡೆಯಬಹುದಿತ್ತು. ಗೋದಾಮಿನ ಮೆಣಸಿನಕಾಯಿ ಘಾಟಿಗೆ ಹಾಡುವವರು ಸೀನಬಹುದಿತ್ತು. ಅವರು ತಡೆದುಕೊಂಡರೂ ಕೇಳುವವರು ಸೀನಬಹುದಿತ್ತು. ಮಳೆ ಹಿಡಿದು ದಪ್ಪಿನ ಚರ್ಮ ಸಡಿಲಾಗಬಹುದಿತ್ತು. ಕುಪ್ಪೇಲೂರಿನ ಬಸ್ಸು ಕೆಟ್ಟು ನಿಂತು ಇಮಾಮಸಾಬರು ಬಾರದೇ ಹೋಗಬಹುದಿತ್ತು. ಬಂದರೆ, ಅವರನ್ನು ನೋಡಿದ ಕೂಡಲೇ ಗಂಗವ್ವ ಎದ್ದು ಹೋಗಬಹುದಿತ್ತು. ಆಕೆ ಏಳದಿದ್ದರೆ ಇಬ್ಬರೂ ಕೈ ಕೈ ಮಿಲಾಯಿಸಿ, ಪೊಲೀಸರು ಬಂದು, ಮೊದಲು ಮೈಕಿನವನನ್ನೇ ಹಿಡಿಯಬಹುದಿತ್ತು. ಯಾವ ಗಲಾಟೆಯಲ್ಲೂ ಓಡಿಹೋಗಲಾಗದೆ ಉಳಿಯುವವನು ಮೈಕಿನವನೊಬ್ಬನೇ. ಅವನ ಸಾಮಾನು ಅಲ್ಲಿರುತ್ತದಲ್ಲ!

1993ರ ಆಗಸ್ಟ್ ತಿಂಗಳ ಒಂದು ರವಿವಾರ ಬೆಳಿಗ್ಗೆ ಹಾವೇರಿಯಿಂದ ಬ್ಯಾಡಗಿಗೆ ಹೊರಡುವಾಗ ನಾನು ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಹೀಗೆ ಹದಿನೆಂಟು ಅಂಶಗಳನ್ನು ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡಿದ್ದೆ. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನನ್ನದು ಅಲ್ಲಿ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ. ಆಗ ನನಗೆ ನಲವತ್ತಾರು. ಚಿಂತೆ ಮಾಡುವುದು ನನಗೆ ಉಪಕಸುಬು. "ನಿಮಗ ಚಿಂತಿ ಇಲ್ಲದ ದಿನ, ಯಾಕ ಇಲ್ಲ ಅಂತ ಚಿಂತಿ ಮಾಡತೀರಿ" ಎಂದು ನನ್ನ ಹೆಂಡತಿ ಹೇಳುವುದರಲ್ಲಿ ಸುಳ್ಳೇನಿಲ್ಲ.

ಆ ದಿನದ ಚಿಂತೆಗೆ ಮಾತ್ರ ಕಾರಣವಿತ್ತು. ನಮ್ಮ ಕಡೆ ಗೀಗೀ ಪದದಲ್ಲಿ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಬೇಕು. ಒಬ್ಬರು ಪದದಲ್ಲೇ ಸವಾಲು ಹಾಕುತ್ತಾರೆ, ಇನ್ನೊಬ್ಬರು ಪದದಲ್ಲೇ ಜವಾಬು ಕೊಡುತ್ತಾರೆ. ಕುಪ್ಪೇಲೂರಿನ ಇಮಾಮಸಾಬರು ಹರದೇಶಿ, ಬ್ಯಾಡಗಿಯ ಗಂಗವ್ವ ನಾಗೇಶಿ. ಈ ಜೋಡಿ ಬರುತ್ತದೆಂದರೆ ಜನ ಊಟ ಬೇಗ ಮುಗಿಸಿ ಬಂದು ಜಾಗ ಹಿಡಿಯುತ್ತಿದ್ದರು. 1979ರಲ್ಲಿ ರಾಣೆಬೆನ್ನೂರಿನ ಒಂದು ಓಣಿಯಲ್ಲಿ ಇವರ ಕಾರ್ಯಕ್ರಮ. ಮೈಕು ನನ್ನದು. ಗಂಗವ್ವ ಒಂದು ಸವಾಲು ಹಾಕಿದಳು: ಗಂಡೇ ಹೆಚ್ಚೆನ್ನುವವನೇ, ನಿನಗೆ ಮೊದಲ ಪದ ಕಲಿಸಿದವರು ಯಾರು? ನನಗೆ ಇದು ತೀರಾ ಸರಳ ಪ್ರಶ್ನೆ ಅನ್ನಿಸಿತು. ಅವರ ಗುರು ಸವಣೂರಿನ ಒಬ್ಬ ಉಸ್ತಾದರೆಂದು ಇಮಾಮಸಾಬರೇ ಪ್ರತಿ ಸಲ ಮೊದಲಿಗೆ ಹಾಡಿ ಕೈ ಮುಗಿಯುತ್ತಿದ್ದರು. ಅವರು ಜವಾಬಿಗೆ ಬಾಯಿ ತೆರೆದರು. ಅದೇ ಹೊತ್ತಿಗೆ ನನ್ನ ಮೈಕು ಕುಂಯ್ ಎಂದು ಕಿರುಚಿತು. ಇಮಾಮಸಾಬರು ಬಾಯಿ ಮುಚ್ಚಿದರು. ದಪ್ಪನ್ನು ಬಗಲಿಗೆ ಹಾಕಿಕೊಂಡು ಕೆಳಗಿಳಿದು ಹೋದರು. ಅಂದಿನಿಂದ ಆ ಇಬ್ಬರೂ ಒಂದೆಡೆ ಹಾಡಲಿಲ್ಲ, ಒಂದು ಮಾತೂ ಆಡಲಿಲ್ಲ.

ಹದಿನಾಲ್ಕು ವರ್ಷ ಈ ಪಾಪ ನನ್ನದೆಂದೇ ನಾನು ತಿಳಿದಿದ್ದೆ. ತುಂಬಿದ ಜನರೆದುರು ಹಿರಿಯ ಹಾಡುಗಾರನ ಬಾಯಿಗೆ ನನ್ನ ಮೈಕು ಅಡ್ಡ ಬಂದಿತ್ತು. ಈ ವಿಷಯ ಹೆಂಡತಿಗೂ ಹೇಳಿರಲಿಲ್ಲ.

ಆ ವರ್ಷದ ಜುಲೈನಲ್ಲಿ ಇಮಾಮಸಾಬರು ನನ್ನ ಅಂಗಡಿಗೆ ತಾವಾಗಿ ಬಂದರು. ಅರವತ್ತೈದು ದಾಟಿತ್ತು. ದನಿ ಸೀಳಿದ ಬಿದಿರಿನಂತಾಗಿತ್ತು. ಇನ್ನು ಕೂಗಿ ಹಾಡಿದರೆ ಇರುವ ದನಿಯೂ ಹೋಗುತ್ತದೆಂದು ಡಾಕ್ಟರು ಹೇಳಿದ್ದರಂತೆ. "ಪೂರಾ ಹೋಗೋದ್ರಾಗ ಒಮ್ಮೆ ಗಂಗವ್ವನ ಎದುರಿಗೆ ನಿಲ್ಲಬೇಕು, ಶಂಕ್ರಪ್ಪಾ. ಬ್ಯಾಡಗಿಯಾಗ, ಮೆಣಸಿನಕಾಯಿ ತೊಟ್ಟು ಬಿಡಸೋ ಗೋದಾಮಿನ್ಯಾಗ. ಬ್ಯಾರೆ ಕಡೆ ಒಲ್ಲೆ" ಎಂದರು. ಯಾಕೆ ಅಲ್ಲೇ ಎಂದು ಕೇಳಿದರೆ ಬೀಡಿ ಹಚ್ಚಿದರು. ಉಳಿದಿರುವ ದನಿಯಲ್ಲಿ ಆಕೆಯನ್ನು ಬೈದು ಸೇಡು ತೀರಿಸಿಕೊಳ್ಳಲು ಹೊರಟಿದ್ದಾರೆಂದು ನಾನು ತಿಳಿದೆ. ಆದರೂ ಒಪ್ಪಿದೆ. ಮೈಕಿನ ಋಣ ತೀರಿಸಲು ಬೇರೆ ದಾರಿ ಇರಲಿಲ್ಲ.

ಸುದ್ದಿ ತಿಳಿದು ರಾಣೆಬೆನ್ನೂರಿನ ಪ್ರಕಾಶ ಬಂದ. ಮದುವೆಗಳ ವಿಡಿಯೋ ತೆಗೆಯುವವನು. ಅಕ್ಕಿಕಾಳು ಹಾಕುವವರ ಕೈಗಳನ್ನು ಎಷ್ಟು ವರ್ಷ ತೆಗೆಯುವುದು ಎಂದು ಬೇಸತ್ತು, ಈ ಜೋಡಿಯ ಮೇಲೆ ಡಾಕ್ಯುಮೆಂಟರಿ ಮಾಡಿ ಟಿವಿಗೆ ಕಳಿಸುತ್ತೇನೆಂದು ಹೊರಟಿದ್ದ. ಮೊದಲು ಎಲ್ಲರನ್ನೂ ಬೇರೆಬೇರೆಯಾಗಿ ಮಾತಾಡಿಸೋಣ ಎಂದ. ನಾನು ಮೈಕು ಹಿಡಿದು ಹೋದೆ.

ಇಮಾಮಸಾಬರ ಮೇಳದಲ್ಲಿ ತುಂತುಣಿ ಬಾರಿಸುತ್ತಿದ್ದ ಬಸಪ್ಪ ಹೊಸ ಪಟಗ ಸುತ್ತಿಕೊಂಡು ಕ್ಯಾಮೆರಾ ಎದುರು ಕುಳಿತ. ರಾಣೆಬೆನ್ನೂರಿನಲ್ಲಿ ಅಂದು ನಾಗೇಶಿಯವರಿಗೆ ಬಿಸಿ ಮಿರ್ಚಿ ಭಜಿ, ಹರದೇಶಿಯವರಿಗೆ ತಣ್ಣಗಾದ ಮಿರ್ಚಿ ಕೊಟ್ಟರು, ಜಗಳಕ್ಕೆ ಅದೇ ಮೂಲ ಎಂದು ಕಣ್ಣೀರು ತೆಗೆದು ಹೇಳಿದ. ಬ್ಯಾಟರಿ ಸರಿಯಿರಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಪ್ರಕಾಶ ಕೇಳಿದಾಗ ಅದೇ ಬಸಪ್ಪ, ಗಂಗವ್ವನಿಗೆ ಜಮಖಾನ ಹಾಸಿ ಇಮಾಮಸಾಬರಿಗೆ ಗೋಣಿತಾಟು ಹಾಸಿದ್ದೇ ಮೂಲ ಎಂದು ಅಷ್ಟೇ ಕಣ್ಣೀರು ತೆಗೆದ. ಮಿರ್ಚಿಯ ಕತೆ ಏನಾಯಿತು ಎಂದರೆ, ಅದು ಮೊದಲಿನ ಕ್ಯಾಸೆಟ್ಟಿಗೆ ಆಯಿತಲ್ಲ ಎಂದ. ತಾಳದವನು ಇನ್ನೊಂದು ಹೇಳಿದ. ಮೈಕಿನ ಹೆಸರನ್ನು ಯಾರೂ ಎತ್ತಲಿಲ್ಲ. ನನ್ನ ಮುಖ ನೋಡಿ ದಾಕ್ಷಿಣ್ಯ ಮಾಡುತ್ತಿದ್ದಾರೆಂದು ನಾನು ಇನ್ನಷ್ಟು ಕುಗ್ಗಿದೆ.

ಗಂಗವ್ವ ಎಲೆ ಅಡಿಕೆ ಮೆಲ್ಲುತ್ತ ಕ್ಯಾಮೆರಾವನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನನ್ನೇನು ಕೇಳತಿ ತಮ್ಮಾ? ನಾ ಕೇಳೋದು ಅವತ್ತ ಮುಗಿಸೇನಿ. ಇನ್ನ ಹೇಳೋರು ಹೇಳಬೇಕು" ಎಂದು ಒಳಗೆ ಹೋದಳು. ಇದು ಶುದ್ಧ ಹಗೆತನದ ಮಾತು ಎಂದು ನಾನು ಪಟ್ಟಿಗೆ ಹದಿನೆಂಟನೆಯದನ್ನು ಸೇರಿಸಿದೆ.

ಆ ರವಿವಾರ ಕರೆಂಟು ಇತ್ತು. ಮಳೆ ಇರಲಿಲ್ಲ. ಬಸ್ಸು ಬಂತು. ಹಂಗಾಮು ಅಲ್ಲದ್ದರಿಂದ ಗೋದಾಮು ಖಾಲಿಯಿತ್ತು, ಘಾಟು ಮಾತ್ರ ಗೋಡೆಯಲ್ಲೇ ಕುಳಿತಿತ್ತು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಒಂದು ನಲವತ್ತು ಮಂದಿ ಸೆರಗು ಮೂಗಿಗೆ ಹಿಡಿದು ಸಾಲಾಗಿ ಕುಳಿತಿದ್ದರು. ಒಳಗೆ ಬೆಳಕು ಸಾಲದೆ ಪ್ರಕಾಶ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು ಚಾಲೂ ಮಾಡಿ, ತಾನು ದೊಡ್ಡ ಲೈಟನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ನಿಂತ. ಹಾಡು ಶುರುವಾದ ಮೇಲೆ ಪ್ರಾಣ ಹೋದರೂ ಬಾಯಿ ಬಿಡಬೇಡ, ನಿನ್ನ ಮಾತು ರೆಕಾರ್ಡಾದರೆ ಎಲ್ಲ ಕೆಟ್ಟಿತು ಎಂದು ಅವನಿಗೆ ಮೂರು ಸಲ ಹೇಳಿದ್ದೆ.

ಗಂಗವ್ವ ಒಂದು ಕಡೆ ನಿಂತಳು. ಇಮಾಮಸಾಬರು ಬೆಂಕಿಗೆ ದಪ್ಪು ಕಾಸಿಕೊಂಡು ಬಂದು ಇನ್ನೊಂದು ಕಡೆ ನಿಂತರು. ಒಬ್ಬರನ್ನೊಬ್ಬರು ನೋಡಿದರು. ನಮಸ್ಕಾರವಿಲ್ಲ, ಸಲಾಮಿಲ್ಲ. ಇಮಾಮಸಾಬರು ಉಸ್ತಾದರ ಹೆಸರು ಹಿಡಿದು ಕೈ ಮುಗಿಯಲೂ ಇಲ್ಲ. ದಪ್ಪನ್ನು ತಲೆಯ ಮಟ್ಟಕ್ಕೆ ಎತ್ತಿ ನೆಟ್ಟಗೆ ಗಂಗವ್ವನ ಕಡೆ ನಡೆದರು. ಒಂದು ಹೆಜ್ಜೆ, ಎರಡು, ಮೂರು. ಹೊಡೆದೇ ಬಿಟ್ಟರು ಅಂದುಕೊಂಡೆ. ನಾನು ಸ್ಟ್ಯಾಂಡಿನಿಂದ ಮೈಕು ಕಿತ್ತುಕೊಂಡು ನಡುವೆ ನುಗ್ಗಿದೆ. ತಡೆಯಬೇಕೆಂದೇ ಹೋದದ್ದು. ಆದರೆ ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಮೈಕನ್ನು ಅವರ ಬಾಯಿಗೆ ಹಿಡಿಯಿತು. ಆ ಸೀಳು ದನಿ ಎದ್ದಿತು.

ಉಸ್ತಾದ ಅಂದೆನವ್ವ, ಊರಿಗೆಲ್ಲ ಸುಳ್ಳ ಹೇಳಿದೆ
ಉಡಿಯಾಗ ಮೆಣಸಿನಕಾಯಿ, ಬಾಯಾಗ ಪದ ಇಟ್ಟಾಕಿ
ತೊಟ್ಟ ಬಿಡಸತ ಕುಂತು ನನಗ ಪದ ಬಿಡಿಸಿ ಕೊಟ್ಟಾಕಿ
ಹುಸೇನಬಿ ಅಂತ ಹೆಸರ, ಅಕಿ ನನ್ನ ಹಡದಾಕಿ

ನಾನು ನಿಂತಲ್ಲೇ ಮರಗಟ್ಟಿದೆ. ಹರದೇಶಿಯ ಹಾಡುಗಾರ, ನಲವತ್ತು ವರ್ಷ ಗಂಡು ಹೆಚ್ಚೆಂದು ಹಾಡಿದವನು, ತನ್ನ ಗುರು ಹೆಂಗಸೆಂದು ತಾನೇ ಒಪ್ಪುವುದೆಂದರೆ ಸೋತೆ ಎಂದು ಹೇಳಿದಂತೆ. ಅದಕ್ಕಿಂತ ದೊಡ್ಡ ಆಘಾತ ಆಮೇಲೆ. ಗಂಗವ್ವ ಆ ಪದಕ್ಕೆ ಗೀಗೀ ಎಂದು ದನಿ ಕೂಡಿಸಿದಳು! ಎದುರು ಮೇಳದ ಪದಕ್ಕೆ ಯಾರಾದರೂ ಹಿಮ್ಮೇಳ ಹಿಡಿದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೂ ಕೇಳಿಲ್ಲ. ಸಾಲಿನಲ್ಲಿ ಕುಳಿತಿದ್ದ ಮುದುಕಿಯರು ಮೂಗಿನ ಸೆರಗನ್ನು ಕಣ್ಣಿಗೆ ಒಯ್ದರು. ಘಾಟು ಎಂದುಕೊಂಡೆ. ಪಕ್ಕದಲ್ಲಿ ಲೈಟು ಮೇಲೆ ಕೆಳಗೆ ಕುಣಿಯುತ್ತಿತ್ತು. ವೋಲ್ಟೇಜು ಎಂದುಕೊಂಡೆ.

ಪದ ಮುಗಿಯಿತು. ಗಂಗವ್ವ ಸೊಂಟದ ಚೀಲ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿ ಇಮಾಮಸಾಬರ ಕೈಗಿಟ್ಟಳು. "ಹೊತ್ತಾತು ನಿನಗ" ಎಂದಳು. ಹದಿನಾಲ್ಕು ವರ್ಷದ ನಂತರದ ಮೊದಲ ಮಾತು ಇಷ್ಟೇ. "ಹೂಂ ಬೇ, ಹೊತ್ತಾತು" ಎಂದರು ಅವರು.

ಆಮೇಲೆ ಚಹಾ ಕುಡಿಯುತ್ತ ಆಕೆಯೇ ಬಿಡಿಸಿ ಹೇಳಿದಳು. ಇದೇ ಗೋದಾಮಿನಲ್ಲಿ ಹುಸೇನಬಿ ತೊಟ್ಟು ಬಿಡಿಸುತ್ತ ಪದ ಹಾಡುತ್ತಿದ್ದಳಂತೆ. ಆಕೆಯ ಒಂದು ಮಗ್ಗುಲಿಗೆ ಮಗ, ಇನ್ನೊಂದು ಮಗ್ಗುಲಿಗೆ ಲಂಗ ತೊಟ್ಟ ಗಂಗವ್ವ. ಇಬ್ಬರೂ ಕಲಿತದ್ದು ಒಂದೇ ಬಾಯಿಂದ. ಆದರೆ ಹರದೇಶಿ ಹಾಡುವವನಿಗೆ ಹೆಂಗಸು ಗುರು ಎಂದರೆ ಜನ ನಗುತ್ತಾರೆಂದು ಇಮಾಮಸಾಬರು ಸವಣೂರಿನ ಉಸ್ತಾದರ ಹೆಸರು ಹಿಡಿದರು. 1979ರಲ್ಲಿ ಹುಸೇನಬಿ ತೀರಿಕೊಂಡಳು. ಅದಾಗಿ ತಿಂಗಳೊಪ್ಪತ್ತಿನಲ್ಲೇ ರಾಣೆಬೆನ್ನೂರಿನ ಕಾರ್ಯಕ್ರಮ.

"ಸತ್ತಾಕಿ ಹೆಸರು ಒಮ್ಮೆರ ಮಂದಿ ಮುಂದ ಬರ್ಲಿ ಅಂತ ಕೇಳಿದ್ದೆ. ಇಂವಗ ಸುಳ್ಳ ಹೇಳಾಕೂ ಬಾಯಿ ಬರಲಿಲ್ಲ, ಖರೇ ಹೇಳಾಕೂ ಬಾಯಿ ಬರಲಿಲ್ಲ" ಎಂದಳು ಗಂಗವ್ವ.

ಅಷ್ಟಕ್ಕೆ ಹದಿನಾಲ್ಕು ವರ್ಷ ಜಗಳವೇ ಎಂದು ಕೇಳಿದೆ. ಇಬ್ಬರೂ ನನ್ನನ್ನು ವಿಚಿತ್ರ ಪ್ರಾಣಿಯಂತೆ ನೋಡಿದರು. "ಯಾರ್ ಹೇಳಿದ್ರೋ ಜಗಳ ಅಂತ?" ಎಂದರು ಇಮಾಮಸಾಬರು. ಸವಾಲು ಬಾಕಿ ಇರುವಾಗ ಜವಾಬು ಕೊಡಬೇಕಾದವನು ಎದುರಾಳಿಯೊಡನೆ ಬೇರೆ ಮಾತು ಆಡಬಾರದು, ಆಡಿದರೆ ಸವಾಲು ಮುರಿದುಬೀಳುತ್ತದೆ ಎಂಬುದು ಅವರ ಮೇಳಗಳ ರಿವಾಜಂತೆ. ಮುರಿಯಲು ಇಬ್ಬರಿಗೂ ಮನಸ್ಸಿರಲಿಲ್ಲ. ಗಂಗವ್ವನ ಮಗಳ ಮದುವೆಗೆ ಹಂದರ ಹಾಕಿಸಿದವರು ಇಮಾಮಸಾಬರೇ. ಬಂದು, ಮೂಕರಂತೆ ಗಳ ನೆಡಿಸಿ, ಊಟ ಮಾಡಿ ಹೋಗಿದ್ದರಂತೆ. ಆ ಮದುವೆಗೆ ಮೈಕು ಹಾಕಿದವನು ನಾನು! ಅವರನ್ನು ಅಲ್ಲಿ ನೋಡಿ, ಗಲಾಟೆಗೆ ಬಂದಿದ್ದಾರೆಂದು ಹೆದರಿ ವಯರು ಸುತ್ತಿಕೊಂಡು ಬೇಗ ಹೊರಟುಬಿಟ್ಟಿದ್ದೆ.

ತಡೆಯಲಾಗದೆ ನಾನೂ ಒಪ್ಪಿಕೊಂಡೆ. "ಕಾಕಾ, ಅವತ್ತು ನನ್ನ ಮೈಕು ಕುಂಯ್ ಅಂದದ್ದಕ್ಕ ನೀವು ಸಿಟ್ಟಾಗಿ ಎದ್ದು ಹೋದ್ರಿ ಅಂತ ನಾ ಇಷ್ಟು ವರ್ಷ..."

"ಯಾವ ಮೈಕ?" ಎಂದರು ಇಮಾಮಸಾಬರು.

ಗಂಗವ್ವ ಬಾಯಲ್ಲಿದ್ದ ಎಲೆ ಅಡಿಕೆ ಹಾರುವಂತೆ ನಕ್ಕಳು. ನನಗೆ ಹಗುರವಾಗಬೇಕಿತ್ತು. ಖರೇ ಹೇಳಬೇಕೆಂದರೆ ಸ್ವಲ್ಪ ಅವಮಾನವೇ ಆಯಿತು.

ಮುಂದಿನ ಯುಗಾದಿಯ ಹೊತ್ತಿಗೆ ಇಮಾಮಸಾಬರ ದನಿ ಪೂರ್ತಿ ಹೋಯಿತು. ಆ ಜವಾಬೇ ಅವರ ಕೊನೆಯ ಪದ. ಗೋದಾಮಿನ ಆ ರವಿವಾರ ಕರೆಂಟು ಹೋಗಲಿಲ್ಲ, ಯಾರೂ ಸೀನಲಿಲ್ಲ, ಪೊಲೀಸರು ಬರಲಿಲ್ಲ. ನನ್ನ ಹದಿನೆಂಟರಲ್ಲಿ ಒಂದೂ ನಡೆಯಲಿಲ್ಲ. ಆದರೆ ಮರುವಾರ ಪ್ರಕಾಶ ತನ್ನ ಅಂಗಡಿಯಲ್ಲಿ ಎಲ್ಲರನ್ನೂ ಕೂರಿಸಿ ಕ್ಯಾಸೆಟ್ ಹಾಕಿದಾಗ, ಇಮಾಮಸಾಬರು ದಪ್ಪು ಎತ್ತಿ ಮೂರು ಹೆಜ್ಜೆ ಇಟ್ಟ ಕೂಡಲೇ ಟಿವಿ ತುಂಬ ಒಂದು ಚೌಕಳಿ ಅಂಗಿಯ ಬೆನ್ನು ಬಂದು ನಿಂತಿತು. ಅದರ ಮೇಲೊಂದು ಬೋಳು ನೆತ್ತಿ, ಫಳಫಳ ಹೊಳೆಯುತ್ತಿತ್ತು. ದನಿ ಸ್ಪಷ್ಟ, ಒಂದಕ್ಷರ ತಪ್ಪಿಲ್ಲ. ಪದ ಮುಗಿಯುವವರೆಗೆ ಬೆನ್ನು ಅಲುಗಲಿಲ್ಲ. ಪಕ್ಕಕ್ಕೆ ಸರಿಯಿರಿ ಅಂತ ಎಷ್ಟು ಲೈಟು ಆಡಿಸಿದರೂ ನೀವು ನೋಡಲಿಲ್ಲ, ಬಾಯಿ ಬಿಡಬೇಡ ಎಂದವರು ನೀವೇ ಎಂದ ಪ್ರಕಾಶ.

ಇಮಾಮಸಾಬರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಎಲ್ಲಿ ಹೋಗಿ ಸಾಯಲಿ ಎಂದು ನೆಲ ನೋಡುತ್ತಿದ್ದೆ. ಗಂಗವ್ವನೇ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಟಿವಿಯಲ್ಲಿದ್ದ ಅದೇ ಬೆನ್ನು, ಅದೇ ಚೌಕಳಿ ಅಂಗಿ.

"ಇರ್ಲಿ ಬಿಡೋ ಶಂಕ್ರಪ್ಪಾ. ಹದಿನಾಕ ವರ್ಷ ನಮ್ಮಿಬ್ಬರ ನಡುವ ನಾನ ಅದೀನಿ ಅಂತ ತಿಳಕೊಂಡಿದ್ದಿ. ಈಗ ಖರೇನ ನಿಂತೀದಿ ನೋಡು."