ಹತ್ತು ಗಂಟೆಯ ರಂಗೋಲಿ

ಹೋದ ತಿಂಗಳು ತರೀಕೆರೆ ಬಸ್ ನಿಲ್ದಾಣದ ಮೂಲೆಯಲ್ಲಿ ಯಾರೋ ಹತ್ತಾರು ಚೀಲ ಈರುಳ್ಳಿ ಇಳಿಸಿದ್ದರು. ಗೋಣಿಯ ಧೂಳು, ಒಣಸಿಪ್ಪೆ, ಒಳಗೆಲ್ಲೋ ಒಂದೆರಡು ಗೆಡ್ಡೆ ಕೊಳೆಯಲು ಶುರುವಾದ ಗಮಟು… ಆ ವಾಸನೆ ನನಗೆ ಹೊಸದಲ್ಲ. ಇಪ್ಪತ್ತೇಳು ವರ್ಷ ಅದೇ ವಾಸನೆಯ ಮನೆಯಲ್ಲಿ ಬಾಳಿದವಳು ನಾನು. ಆದರೆ ಅವತ್ತು ಆ ಚೀಲಗಳಿಗೆ ಒರಗಿ, ಬಾಯಿ ಅರೆತೆರೆದು, ಒಬ್ಬ ಹೆಂಗಸು ನಿದ್ದೆ ಹೋಗಿದ್ದಳು. ಹಗಲು ಹನ್ನೊಂದು ಗಂಟೆ. ನಾನು ಹತ್ತಬೇಕಿದ್ದ ಬಸ್ಸು ಬಂದು ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು. ಹೊರಡುವ ಹೊತ್ತಿಗೆ ಹತ್ತು ನಿಮಿಷ ಮೊದಲೇ ನಿಲ್ದಾಣದಲ್ಲಿರುವ ನಾನು ಬಸ್ಸು ಬಿಟ್ಟುಕೊಂಡದ್ದು ತೀರ ಕಡಿಮೆ. ಆ ದಿನ ಎರಡು ಬಿಟ್ಟುಕೊಂಡೆ. ನನ್ನ ವಾರಗಿತ್ತಿ ನೆನಪಾಗಿದ್ದಳು.

ನನ್ನ ಮೈದುನನ ಹೆಂಡತಿ ಅವಳು. ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಅಜ್ಜಂಪುರದ ನಮ್ಮ ಮನೆಯಲ್ಲಿ ಆಗ ಅತ್ತೆ, ನನ್ನ ಗಂಡ, ಮೈದುನ, ಮತ್ತೆ ನಾವಿಬ್ಬರು ಸೊಸೆಯರು ಇದ್ದೆವು. ನನ್ನ ಮಗಳು ಹಾಸ್ಟೆಲ್ ಸೇರಿದ್ದಳು. ವಾರಗಿತ್ತಿಗೆ ಮಕ್ಕಳಿರಲಿಲ್ಲ. ಗಂಡಸರಿಬ್ಬರೂ ಈರುಳ್ಳಿ ವ್ಯಾಪಾರ ಮಾಡುತ್ತಿದ್ದರು. ಹಿತ್ತಲಿನಲ್ಲಿ ಗಾಳಿಯಾಡುವಂತೆ ಬಿದಿರ ತಡಿಕೆ ಕಟ್ಟಿದ ಉದ್ದನೆಯ ಶೆಡ್ಡು ಇತ್ತು. ನಾನು ತರೀಕೆರೆಯ ಶಾಲೆಯೊಂದರಲ್ಲಿ ಶಿಕ್ಷಕಿ. ಬೆಳಿಗ್ಗೆ ಏಳು ನಲವತ್ತರ ಬಸ್ಸು ಹಿಡಿಯಬೇಕು.

ನನ್ನ ತಂದೆ ಕಡೂರಿನಲ್ಲಿ ರೈಲ್ವೆ ನೌಕರರಾಗಿದ್ದರು. ಬೆಳಗಿನ ಗಾಡಿಯ ಸದ್ದಿಗೆ ಮನೆಯವರೆಲ್ಲ ಎದ್ದಿರಬೇಕು. ಮಲಗಿದ್ದವರ ಹೊದಿಕೆಯನ್ನು ಅಪ್ಪ ಮಾತಿಲ್ಲದೆ ಎಳೆದು, ಮಡಚಿ, ಗೂಡಿನಲ್ಲಿಟ್ಟುಬಿಡುತ್ತಿದ್ದರು. ಹಾಗೆ ಬೆಳೆದವಳು ಗಂಡನ ಮನೆಗೆ ಬಂದರೂ ಬಿಟ್ಟೇನೆಯೇ? ಅಡುಗೆಮನೆ ಬಾಗಿಲ ಹಿಂದೆ ಕೆಂಪು, ನೀಲಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಪಾಳಿಯ ಪಟ್ಟಿ ಅಂಟಿಸಿದ್ದೆ. ಒಂದು ವಾರ ನಾನು, ಒಂದು ವಾರ ಅವಳು. ಪಾಳಿಯವರು ಐದಕ್ಕೆ ಮುಂಚೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಲೆ ಹಚ್ಚಬೇಕು. ಅತ್ತೆ ಲಿಂಗಪೂಜೆಗೆ ಕೂರುವಷ್ಟರಲ್ಲಿ ಬಾಗಿಲು ಸಿದ್ಧವಿರಬೇಕು. ಕೆಲಸ ಆದ ದಿನಕ್ಕೆ ನಾನೇ ಒಂದು ಸರಿ ಗುರುತು ಹಾಕುತ್ತಿದ್ದೆ, ಮಕ್ಕಳ ಕಾಪಿ ಪುಸ್ತಕಕ್ಕೆ ಹಾಕುವ ಹಾಗೆ.

ಆರೇಳು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ, ಯಾವ ತಿಂಗಳು ಎಂದು ಹೇಳಲಾರೆ, ಅವಳು ನಿಧಾನವಾಗತೊಡಗಿದಳು. ಅರ್ಧ ಜಡೆ ಹೆಣೆದು ಬಾಚಣಿಗೆ ಕೈಯಲ್ಲೇ ಹಿಡಿದು ಕುಳಿತಿರುವುದು. ಒಲೆಯ ಮುಂದೆ ನಿಂತಿದ್ದರೂ ಹಾಲು ಉಕ್ಕುವುದು. ಎರಡು ಸಲ ಕರೆದರೆ ಒಂದು ಸಲ ತಿರುಗಿ ನೋಡುವುದು. ಬೆಳಿಗ್ಗೆ ಏಳುವುದಂತೂ ಆಗುತ್ತಲೇ ಇರಲಿಲ್ಲ. ಮಕ್ಕಳಾಗದ ಕೊರಗು ಎಂದು ಎಲ್ಲರೂ ಅಂದುಕೊಂಡರು. ಒಮ್ಮೆ ಕೇಳಿದೆ. "ಅದಲ್ಲ ಅಕ್ಕ. ಅದಾಗಿದ್ರೆ ಅದು ಅಂತ ಹೇಳ್ತಿದ್ದೆ. ಏನೂ ಇಲ್ಲ, ಅದೇ ಕಷ್ಟ" ಎಂದಳು. ನನಗೆ ಆ ಉತ್ತರ ಹಿಡಿಸಲಿಲ್ಲ. ಏನೂ ಇಲ್ಲದಿದ್ದರೆ ಎದ್ದು ಕೆಲಸ ಮಾಡಬೇಕಪ್ಪ, ಅಷ್ಟೆ.

ಅವಳ ಪಾಳಿಯ ಒಂದು ದಿನ ಏಳು ಗಂಟೆಯಾದರೂ ಬಾಗಿಲಿಗೆ ನೀರು ಬಿದ್ದಿರಲಿಲ್ಲ. ಅತ್ತೆ ಹೊಸಲಲ್ಲಿ ನಿಂತು, "ಸಾವಾದ ಮನೆ ಇದ್ದಂಗೈತೆ ಕಣೇ ಬಾಗ್ಲು. ಬೀದಿಯೋರು ಏನಂದ್ಕೋಬೇಕು" ಎಂದರು. ಅವಳು ಕೇಳಿಸಿಕೊಂಡಳು. ನಾನು ಬಸ್ಸಿನ ಅವಸರದಲ್ಲಿದ್ದೆ, ಹೋಗುತ್ತ, "ಬೇಗ ಮಲಗಿದ್ರೆ ಬೇಗ ಎಚ್ಚರ ಆಗುತ್ತೆ. ಇದೇನು ದೊಡ್ಡ ವಿದ್ಯೆಯೇನೇ" ಎಂದು ಹೇಳಿಯೇ ಹೋದೆ.

ಅವಳ ಮುಂದಿನ ಪಾಳಿಯಲ್ಲಿ ಎಲ್ಲ ಬದಲಾಯಿತು. ನಾನು ಐದಕ್ಕೆ ಎದ್ದು ಬಾಗಿಲು ತೆಗೆದರೆ ರಂಗೋಲಿ ಬಿದ್ದಾಗಿತ್ತು. ಅದೂ ನಾಲ್ಕು ಗೆರೆಯ ಅವಸರದ್ದಲ್ಲ. ಹದಿನೈದು ಚುಕ್ಕಿಯ, ಮೂಲೆಮೂಲೆಗೆ ಬಳ್ಳಿ ಬಿಟ್ಟ ದೊಡ್ಡ ರಂಗೋಲಿ. ಏಳು ದಿನಕ್ಕೆ ಏಳು ಬಗೆ. ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. "ನಮ್ಮ ಚಿಕ್ಕ ಸೊಸೆ ನೋಡ್ರೀ, ಕೋಳಿ ಕೂಗೋಕ್ಕಿಂತ ಮುಂಚೆ ಬಾಗ್ಲಿಗೆ ಹಾಕ್ಬಿಡ್ತಾಳೆ." ನಾನು ಪಟ್ಟಿಯಲ್ಲಿ ಏಳು ಸರಿ ಗುರುತು ಹಾಕಿದೆ. ಶಾಲೆಯಲ್ಲಿ ಸಹೋದ್ಯೋಗಿಗಳಿಗೂ ಹೇಳಿದೆ, ಒಂದು ಶಿಸ್ತು ಇದ್ದರೆ ಎಂಥವರೂ ತಿದ್ದಿಕೊಳ್ಳುತ್ತಾರೆ ಎಂದು. ಈಗ ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೂ ಹೇಳಿದ್ದು ಹೌದು.

ಒಂದು ವಿಷಯ ಮಾತ್ರ ನನ್ನನ್ನು ಕೆಣಕುತ್ತಿತ್ತು. ನಾಲ್ಕೂವರೆಗೆ ನೀರು ಹಾಕಿದ ನೆಲ ಐದಕ್ಕೆ ಒದ್ದೆಯಿರಬೇಕು. ನಮ್ಮ ಬಾಗಿಲಿನ ನೆಲ ಪೂರ್ತಿ ಒಣಗಿರುತ್ತಿತ್ತು. ಒಂದು ಬೆಳಿಗ್ಗೆಯಂತೂ ರಂಗೋಲಿಯ ಮೇಲೆ ನಾಯಿಯೊಂದು ಮಲಗಿ ಎದ್ದುಹೋದ ಗುರುತಿತ್ತು. ಬೇಸಿಗೆಯ ಗಾಳಿಗೆ ಬೇಗ ಒಣಗಿರಬಹುದು ಎಂದುಕೊಂಡು ಬಸ್ಸಿಗೆ ಓಡಿದೆ.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದರೆ ಅತ್ತೆ, "ಎಲ್ಲಿ ಹೋದ್ಲೋ ಕಣೇ, ಹತ್ತು ಗಂಟೆಯಿಂದ ಕಾಣ್ತಾನೇ ಇಲ್ಲ" ಎಂದು ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದರು. ನಾನು ಹಿತ್ತಲಿಗೆ ಹೋದೆ. ಶೆಡ್ಡಿನ ಕೊನೆಯಲ್ಲಿ, ಈರುಳ್ಳಿ ರಾಶಿಯ ಹಿಂದೆ, ಖಾಲಿ ಗೋಣಿಗಳ ಮೇಲೆ ಅವಳು ಮಲಗಿದ್ದಳು. ತಲೆಗೂದಲಿನಲ್ಲಿ ಈರುಳ್ಳಿ ಸಿಪ್ಪೆ. ಉಗುರಿನ ಸಂದಿಯಲ್ಲಿ ಇನ್ನೂ ರಂಗೋಲಿ ಪುಡಿ. ಮುಟ್ಟಿದ ಕೂಡಲೇ ಧಡಕ್ಕನೆ ಎದ್ದು ಕೂತು, "ಎಷ್ಟು ಗಂಟೆ ಅಕ್ಕ" ಎಂದಳು.

"ಒಂದು. ಇದೇನೇ ಇಲ್ಲಿ?"

"ಅತ್ತೆ ಕೇಳಿದ್ರಾ? ಅವರಿಗೆ ಹೇಳ್ಬೇಡಿ."

ಆಮೇಲೆ ಅಲ್ಲೇ ಗೋಣಿಯ ಮೇಲೆ ಕುಳಿತು ಹೇಳಿದಳು. "ರಾತ್ರಿ ಒಂದೂವರೆಗೇ ಹಾಕ್ಬಿಡ್ತೀನಿ ಅಕ್ಕ. ಹೆಂಗಿದ್ರೂ ಎದ್ದೇ ಇರ್ತೀನಲ್ಲ. ನಿದ್ದೆ ಬರೋದೇ ನಾಲ್ಕಕ್ಕೆ. ಆಮೇಲೆ ಯಾರಾದ್ರೂ ಹೊತ್ಕೊಂಡು ಹೋದ್ರೂ ಎಚ್ಚರ ಆಗಲ್ಲ, ಅದಕ್ಕೇ ಪಾಳಿ ದಿನ ಒಲೆ ಹಚ್ಚೋವರ್ಗೂ ಮಲಗೋದೇ ಇಲ್ಲ. ಎದ್ದು ಕೂತ್ರೆ ಎದೆ ಮೇಲೆ ಚೀಲ ಇಟ್ಟಂಗಿರುತ್ತೆ. ನಿಮ್ಮ ಪಟ್ಟೀಲಿ ತಪ್ಪು ಗುರುತು ಬೀಳ್ಬಾರ್ದು ಅಂತ…"

ನಾವು ಮನೆಮಂದಿಯೆಲ್ಲ ಹೊಗಳಿದ್ದು ಅವಳ ನಿದ್ದೆಗೇಡನ್ನು. ಅದು ಆ ಕ್ಷಣಕ್ಕೆ ಅರ್ಥವಾಯಿತು. ಆದರೆ ನಾನು ಮಾಡಿದ ಕೆಲಸ ನೋಡಿ. ಒಳಗೆ ಹೋದವಳೇ ರಬ್ಬರ್ ತೆಗೆದುಕೊಂಡು ಪಟ್ಟಿಯಲ್ಲಿ ಅವಳ ಹೆಸರಿದ್ದ ಕಡೆಯೆಲ್ಲ ಅಳಿಸಿ ನನ್ನ ಹೆಸರು ಬರೆದೆ. ಅವಳಿಗೆ ಬಿಡುವು ಸಿಗಲಿ, ಸುಧಾರಿಸಿಕೊಳ್ಳಲಿ ಎಂದು. ದೊಡ್ಡ ಉಪಕಾರ ಮಾಡಿದೆನೆಂದೇ ನನ್ನ ಭಾವನೆ. ಸಂಜೆ ಅವಳು ಬಾಗಿಲ ಹಿಂದೆ ನಿಂತು ತುಂಬ ಹೊತ್ತು ಆ ಕಾಗದ ನೋಡಿದಳು. "ನಾನು ಯಾತಕ್ಕೂ ಬೇಡ್ವಾ ಅಕ್ಕ ಹಂಗಾದ್ರೆ" ಎಂದು ಕೇಳಿ ಕೋಣೆಗೆ ಹೋದಳು. ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಸ್ನಾನವಿಲ್ಲ. ಎರಡು ತುತ್ತು ಉಂಡರೆ ಹೆಚ್ಚು.

ಅತ್ತೆ ಕೆಟ್ಟವರಲ್ಲ, ಅವರಿಗೆ ತೋಚಿದ್ದು ಒಂದೇ ದಾರಿ. "ಒಂದಾರು ತಿಂಗ್ಳು ತವರಲ್ಲಿ ಇದ್ದು ಬರ್ಲಿ. ಸರಿಹೋದ್ಮೇಲೆ ಕರ್ಕೊಂಡು ಬಂದ್ರಾಯ್ತು." ಮೈದುನ ತಲೆತಗ್ಗಿಸಿ ಕುಳಿತಿದ್ದ. ಹಾಗೆ ಹೋದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ತಿರುಗಿ ಬಂದರು ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಅವಳ ತವರಿನಲ್ಲಿ ತಾಯಿ ಇರಲಿಲ್ಲ. ನಾನು ಕೋಣೆಗೆ ಹೋಗಿ ಅವಳ ಪಕ್ಕ ಕುಳಿತೆ. ಗೋಡೆ ಕಡೆ ತಿರುಗಿಕೊಂಡೇ, "ಎಲ್ಲಿಗೆ ಕಳ್ಸಿದ್ರೂ ಒಂದೇ ಅಕ್ಕ. ಇರೋದೇ ಬೇಡ ಅನ್ಸುತ್ತೆ" ಎಂದಳು. ಅಳುತ್ತಿರಲಿಲ್ಲ. ಸಕ್ಕರೆ ಮುಗಿದಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ಅವತ್ತು ಅವಳನ್ನು ಒಬ್ಬಳೇ ಬಿಡಲಿಲ್ಲ. ಮಾರನೆಯ ದಿನ ಶಾಲೆಗೆ ರಜೆ ಹಾಕಿ, ಮೈದುನನನ್ನೂ ಎಬ್ಬಿಸಿಕೊಂಡು, ಅವಳನ್ನು ಕಡೂರಿಗೆ ಕರೆದುಕೊಂಡು ಹೋದೆ. ಅಲ್ಲೊಬ್ಬರು ಮನೋವೈದ್ಯರು ಇದ್ದರು. ಅವಳ ಕಣ್ಣು ತೋರಿಸಲು ಹೋಗುತ್ತಿದ್ದೇವೆ ಎಂದು ಅತ್ತೆಗೆ ಸುಳ್ಳು ಹೇಳಿದೆ. ನನ್ನ ಲೆಕ್ಕದಲ್ಲಿ ಅದು ಮೊದಲ ಸುಳ್ಳು.

ಡಾಕ್ಟರು ಮುಕ್ಕಾಲು ಗಂಟೆ ಅವಳ ಮಾತು ಕೇಳಿದರು. ಇದು ಖಿನ್ನತೆ, ಸೋಮಾರಿತನವಲ್ಲ ಎಂದರು. ಮಾತ್ರೆ ಬರೆದರು, ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು, ಸಾಯುವ ಯೋಚನೆ ಬಂದರೆ ಮುಚ್ಚಿಡದೆ ಹೇಳಬೇಕು ಎಂದರು. ಆಮೇಲೆ ದಿನಚರಿಯ ಮಾತು ಬಂತು. ನಾನು ಹುರುಪಿನಿಂದ ಚೀಲದಿಂದ ನೋಟ್‌ಬುಕ್ಕು, ಸ್ಕೇಲು ತೆಗೆದೆ. ಅವರು ನಕ್ಕುಬಿಟ್ಟರು. "ಗೆರೆ ಎಳೀಬೇಡಿ ಮೇಡಂ. ಮಲಗೋ ಹೊತ್ತಿಗೆ ನಿಯಮ ಬೇಡ, ನಿದ್ದೆ ಹಟ ಹಿಡಿದ್ರೆ ಬರಲ್ಲ. ಏಳೋ ಹೊತ್ತು ಒಂದನ್ನ ಹಿಡೀಲಿ. ಈಗ ಅವರಿಗೆ ಎಷ್ಟಕ್ಕೆ ಆಗುತ್ತೋ ಅಷ್ಟಕ್ಕೆ. ಎದ್ದು ಬೆಳಕಿಗೆ ಬರ್ಲಿ. ದಿನಕ್ಕೆ ಒಂದು ಕೆಲಸ. ಒಂದೇ."

ಅವಳು ಒಂಬತ್ತು ಎಂದಳು. ಒಂಬತ್ತಕ್ಕೆ ಏಳುವ ಸೊಸೆ. ಆದರೂ ಬಾಯಿ ಬಿಗಿಹಿಡಿದೆ. ಒಂದು ಕೆಲಸ ಯಾವುದು ಎಂದು ಕೇಳಿದ್ದಕ್ಕೆ ಅವಳು ಆರಿಸಿಕೊಂಡದ್ದು ರಂಗೋಲಿಯನ್ನೇ. ಮನೆಗೆ ಬಂದು, ಅತ್ತೆಗೆ ನಿಜ ಹೇಳಿ, ಎರಡು ದಿನ ಅವರ ಮೌನವನ್ನೂ ಸಹಿಸಿ, ಹಳೆಯ ಪಟ್ಟಿಯನ್ನು ಹರಿದುಹಾಕಿದೆ. ತವರಿನ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ.

ಹೀಗೆ ನಮ್ಮ ಮನೆಯ ಬಾಗಿಲಿಗೆ ಹತ್ತು ಗಂಟೆಗೆ ರಂಗೋಲಿ ಬೀಳತೊಡಗಿತು. ಮೊದಲ ವಾರ ನಾಲ್ಕು ಚುಕ್ಕಿ, ಅಷ್ಟೆ. ಒಂದೊಂದು ದಿನ ಚುಕ್ಕಿಯಿಟ್ಟು ಗೆರೆ ಎಳೆಯದೆ ಹಾಗೇ ಎದ್ದುಹೋಗುತ್ತಿದ್ದಳು. ಗೆರೆ ಎಳೆಯಲು ನನ್ನ ಕೈ ತುರಿಸುತ್ತಿತ್ತು. ಸೆರಗಿನಲ್ಲಿ ಕೈ ಸುತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಸುಮ್ಮನಿರುವುದು ನನಗೆ ಐದಕ್ಕೆ ಏಳುವುದಕ್ಕಿಂತ ಕಷ್ಟದ ಕೆಲಸವಾಗಿತ್ತು. ಎರಡು ತಿಂಗಳಾದ ಮೇಲೆ ಒಂದು ರಜಾದಿನ ಎದುರು ಮನೆಯಾಕೆ ಕಟ್ಟೆಯ ಮೇಲೆ ಕುಳಿತು ಅಲಸಂದೆಕಾಯಿ ಬಿಡಿಸುತ್ತ ಕೂಗಿ ಕೇಳಿದಳು, "ಏನ್ರೀ, ನಿಮ್ಮನೇಲಿ ಈಗ ಬೆಳಗಾಯ್ತಾ?"

ನಾನು ಒಳಗಿನಿಂದ ಧಾವಿಸಿ ಬಂದೆ, ಉತ್ತರ ಕೊಡಲು. ಅಷ್ಟರಲ್ಲಿ ಅವಳು, ತಲೆ ಎತ್ತದೆ, ಗೆರೆ ಎಳೆಯುತ್ತಲೇ ಹೇಳಿದಳು. "ಹೂಂ ಕಣ್ರೀ. ನಮ್ಮನೆ ಸೂರ್ಯನ್ನ ಬೀರೂರಲ್ಲಿ ಕ್ರಾಸಿಂಗಿಗೆ ನಿಲ್ಸಿದ್ರಂತೆ. ಈಗ ಬಿಟ್ರು."

ಒಳಗೆ ಅತ್ತೆ ನಕ್ಕದ್ದು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ತಮಾಷೆ ಅದು. ನಾನು ಒಳಗೆ ಹೋಗಿ ಸುಮ್ಮನೆ ಒಂದು ಪಾತ್ರೆಯನ್ನು ಎರಡು ಸಲ ತೊಳೆದೆ.

ಅದಾದ ಮೇಲೆ ಎಲ್ಲ ಸುಖವಾಯಿತು ಎಂದು ಬರೆಯಲಾರೆ. ಎರಡು ಸಲ ಅದು ತಿರುಗಿ ಬಂತು. ಬಂದಾಗ ಅವಳೇ ಬಂದು, "ಅಕ್ಕ, ಶುರುವಾಯ್ತು" ಎನ್ನುತ್ತಿದ್ದಳು; ನಾವು ಕಡೂರಿನ ಬಸ್ಸು ಹತ್ತುತ್ತಿದ್ದೆವು. ಸಂಜೆ ಇಬ್ಬರೂ ಅಜ್ಜಂಪುರದ ಸ್ಟೇಷನ್ನಿನ ತನಕ ನಡೆದು ಬರುತ್ತಿದ್ದೆವು. ನನ್ನ ನಡಿಗೆ ಜೋರು. "ಗಾಡಿ ಹಿಡೀಬೇಕಾ ಅಕ್ಕ ನಾವು" ಎಂದು ಹಿಂದಿನಿಂದ ಕೇಳುತ್ತಿದ್ದಳು. ಏಳುವ ಹೊತ್ತು ಒಂಬತ್ತರಿಂದ ಎಂಟಾಯಿತು, ಏಳಾಯಿತು. ಐದಂತೂ ಮತ್ತೆ ಆಗಲೇ ಇಲ್ಲ. ಹನ್ನೊಂದು ವರ್ಷ ಹಾಗೆ ಕಳೆದವು. ಅತ್ತೆ ತೀರಿಕೊಂಡರು, ಮನೆ ಪಾಲಾಯಿತು, ನಾನು, ನನ್ನ ಗಂಡ ತರೀಕೆರೆಗೆ ಬಂದೆವು. ಮೂರು ವರ್ಷದ ಹಿಂದೆ ಅವಳಿಗೆ ಜ್ವರ ಬಂತು. ನಾಲ್ಕೇ ದಿನದ ಜ್ವರ. ಖಿನ್ನತೆಯಿಂದ ಅಷ್ಟು ಹೆಣಗಿ ಉಳಿಸಿಕೊಂಡ ಜೀವ, ಇನ್ನೇನೋ ಸಣ್ಣದೊಂದು ನೆಪಕ್ಕೆ… ಅವಳಿಗೆ ಐವತ್ತೊಂದೂ ತುಂಬಿರಲಿಲ್ಲ.

ಈ ವರ್ಷ ಯುಗಾದಿಯ ನಂತರ ನನಗೆ ನಿದ್ದೆ ತಪ್ಪಿದೆ. ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಬೆಳಿಗ್ಗೆ ಕಾಲು ನೆಲಕ್ಕಿಡುವುದೇ ಬೆಟ್ಟ ಹತ್ತಿದಂತೆ. ಮೊದಲು ನನಗೇ ಬೈದುಕೊಂಡೆ, ಅಪ್ಪನ ಹಾಗೆ ಹೊದಿಕೆ ಎಳೆದು ಮಡಚಿದೆ. ಆಗಲಿಲ್ಲ. ಅಜ್ಜಂಪುರದ ಮನೆಯಲ್ಲಿ ಅವಳ ಕೋಣೆಗೂ ನಮ್ಮ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ರಾತ್ರಿ ಹತ್ತರಿಂದ ಒಂದೂವರೆಯವರೆಗೆ ಆ ಕಡೆ ಅವಳು ಏನು ಮಾಡುತ್ತಿದ್ದಳು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಔಷಧಿ ಕೇಳಿದೆ, ಊಟ ಕೇಳಿದೆ, ಎದ್ದೆಯಾ ಎಂದು ಕೇಳಿದೆ. ಅದನ್ನು ಕೇಳಲಿಲ್ಲ. ಈಗ ಕೇಳಬೇಕೆನಿಸುತ್ತದೆ, ನಾನೇನು ಮಾಡಲಿ ಎಂದು ತಿಳಿಯುವುದಕ್ಕಾದರೂ.

ಹೋದ ವಾರ ಕಡೂರಿಗೆ ಒಬ್ಬಳೇ ಹೋಗಿ ಬಂದೆ. ಆ ಹಳೆಯ ಡಾಕ್ಟರು ಈಗಿಲ್ಲ. ಹೊಸಬರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾವಾಗಿನಿಂದ ನಿದ್ದೆಯಿಲ್ಲ ಎಂದು ಕೇಳಿದರು. ತಾರೀಖು ಸಮೇತ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದಾಗ, ಇಲ್ಲ ಎಂದೆ.

ಇವತ್ತು ಬೆಳಿಗ್ಗೆ ಕಾಫಿ ಕೊಡುವಾಗ ನನ್ನ ಗಂಡನಿಗೆ ಹೇಳಿದೆ, "ರೀ, ನನಗೆ ರಾತ್ರಿ ನಿದ್ದೆ ಬರ್ತಿಲ್ಲ." ಪತ್ರಿಕೆಯಿಂದ ಕಣ್ಣು ತೆಗೆಯದೆ, "ವಯಸ್ಸಾಯ್ತಲ್ಲ ಕಣೇ, ಬೇಗ ಮಲ್ಕೋ" ಎಂದರು. ಅವಳಾಗಿದ್ದರೆ ಅರ್ಧ ಮಾತು ಸಾಕಿತ್ತು. ಉಳಿದರ್ಧ ಅವಳೇ ಹೇಳಿಬಿಡುತ್ತಿದ್ದಳು. ಇವರಿಗೆ ಮೊದಲಿನಿಂದ ಹೇಳಬೇಕು. ಪತ್ರಿಕೆಯನ್ನು ಅವರ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತೆ.