ಕೆಂಪಾಜಮ್ಮ ಓದದೆ ರುಜು ಹಾಕುವುದಿಲ್ಲ

ಅಡ್ಡಕೊಪ್ಪಲಿನ ಕೆಂಪಾಜಮ್ಮನಿಗೆ ಮನಸ್ಸಿನಲ್ಲಿ ಓದಿಕೊಳ್ಳಲು ಬರುವುದಿಲ್ಲ. ಓದಿದರೆ ಗಟ್ಟಿಯಾಗಿಯೇ ಓದಬೇಕು. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದು ನಲವತ್ತು ದಾಟಿದ ಮೇಲೆ, ಅದೂ ಬಿಸಿಯೂಟದ ಅಡುಗೆಯವಳಾಗಿ. ಅಡುಗೆ ಕೋಣೆಗೂ ಒಂದನೇ ತರಗತಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಸೂರಿನವರೆಗೂ ಮುಟ್ಟದ ಮೋಟು ಗೋಡೆ. ಆ ಕಡೆ ಮಕ್ಕಳು ಅ ಆ ಕೂಗಿದರೆ ಈ ಕಡೆ ಇವಳು ಸಾರು ಕದಡುತ್ತಾ ಕೂಗುತ್ತಿದ್ದಳು. ಹಾಗೆ ಮೂರು ವರ್ಷ ಒಂದನೇ ತರಗತಿಯಲ್ಲೇ ಕಳೆದ ಮೇಲೆ ಬಸ್ಸಿನ ಬೋರ್ಡು, ಎಣ್ಣೆ ಪ್ಯಾಕೆಟ್ಟಿನ ಬರಹ, ಬೆಟ್ಟದಪುರದ ದೇವರು ಮಲ್ಲಯ್ಯನ ಹಾಡಿನ ಪುಸ್ತಕ ಎಲ್ಲವೂ ಅವಳಿಗೆ ದಕ್ಕಿದವು. ಬಾಯಿ ಮುಚ್ಚಿಕೊಂಡು ಓದುವುದನ್ನು ಮಾತ್ರ ಆ ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಇದರಿಂದ ಮೂವರು ಹೆಡ್ಮಾಸ್ಟರುಗಳಿಗೆ ತೊಂದರೆಯಾಯಿತು. ತಿಂಗಳ ಕೊನೆಗೆ ಊಟದ ಪುಸ್ತಕಕ್ಕೆ ಅವಳ ರುಜು ಬೇಕು. ಅವಳು ಜಗಲಿಯಲ್ಲಿ ನಿಂತು, "ಊ-ಟ ಮಾ-ಡಿ-ದ ಮ-ಕ್ಕ-ಳು ನ-ಲ-ವ-ತ್ತೆ-ರ-ಡು" ಎಂದು ಇಡೀ ಶಾಲೆಗೆ ಕೇಳುವಂತೆ ಓದಿ, "ನಾನು ತೊಳ್ದಿದ್ದು ಮೂವತ್ತೇಳು ತಟ್ಟೆ ಕಣ್ ಸಾರ್" ಎನ್ನುತ್ತಿದ್ದಳು. ಜಗಳ ಮಾಡುವ ಹೆಂಗಸಲ್ಲ ಅವಳು. ಗಂಡ ತೀರಿಕೊಂಡ ಮೇಲೆ ಯಾರ ಮೇಲೂ ದನಿ ಏರಿಸಿದ್ದನ್ನು ಊರವರು ಕೇಳಿಲ್ಲ. ಅಡುಗೆ ಕೋಣೆಯ ಕಿಟಕಿಯಿಂದ ನೋಡಿದರೆ ದೂರದಲ್ಲಿ ಮಲ್ಲಯ್ಯನ ಬೆಟ್ಟ ಕಾಣುತ್ತದೆ. ಕಿಟಕಿಯಿಂದ ಬೆಟ್ಟ ಕಂಡ ಮೇಲೆ ಬೆಟ್ಟದಿಂದ ಕಿಟಕಿ ಕಾಣದಿರುತ್ತದೆಯೇ ಎನ್ನುವುದು ಅವಳ ಲೆಕ್ಕ, ಅಷ್ಟೆ.

ಕಳೆದ ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಅವಳ ನಾಯಿ ಕೆಂಚ ಪೊಲೀಸಿನವನಿಗೆ ಕಚ್ಚಿತು.

ಪೊಲೀಸಿನವನ ಹೆಸರು ಯತೀಶ್. ಹಂಪಾಪುರದ ಕಡೆಯ ಹುಡುಗ, ಕಲ್ಲುಮಂಟಿಯ ಔಟ್‌ಪೋಸ್ಟಿಗೆ ಬಂದು ನಾಲ್ಕು ತಿಂಗಳಾಗಿತ್ತು. ಪಕ್ಕದ ಮನೆಯ ಚೆಲುವಯ್ಯನಿಗೆ ಬದುವಿನ ಜಗಳದ ಸಮನ್ಸು ಕೊಡಲು ಬಂದವನು ಮೊಬೈಲು ನೋಡುತ್ತಾ ಮನೆ ತಪ್ಪಿ ಕೆಂಪಾಜಮ್ಮನ ಮೆಟ್ಟಿಲು ಹತ್ತಿದ. ಮೆಟ್ಟಿಲ ಮೇಲೆ ಕೆಂಚ ಮಲಗಿತ್ತು. ಬೂಟು ಬಾಲದ ಮೇಲೆ ಬಿತ್ತು. ಬೂಟಿನ ಮೇಲುಗಡೆ ಎಲ್ಲಿ ಮೆತ್ತಗಿದೆಯೋ ಅಲ್ಲಿಗೆ ಕೆಂಚ ಬಾಯಿ ಹಾಕಿತು.

ಕೆಂಪಾಜಮ್ಮ ಅವನ ರಟ್ಟೆ ಹಿಡಿದು ಬೀದಿಯ ನೀರಿನ ತೊಂಬೆಯ ನಲ್ಲಿಗೆ ಎಳೆದುಕೊಂಡು ಹೋಗಿ, ಪ್ಯಾಂಟು ಮಡಚಿ, ಬಟ್ಟೆ ಸೋಪು ಹಾಕಿ ಉಜ್ಜತೊಡಗಿದಳು. ನಾಯಿ ಕಚ್ಚಿದರೆ ಕಾಲು ಗಂಟೆ ಹರಿಯುವ ನೀರಲ್ಲಿ ತೊಳೆಯಬೇಕೆಂದು ಆಶಾ ಕಾರ್ಯಕರ್ತೆ ರಾಧಾ ಮೀಟಿಂಗಿನಲ್ಲಿ ಹೇಳಿದ್ದಳು. ಕೆಂಪಾಜಮ್ಮನ ಹತ್ತಿರ ಗಡಿಯಾರವಿರಲಿಲ್ಲ. ಮಲ್ಲಯ್ಯನ ಹಾಡು ಎರಡು ಸಲ ಹಾಡಿದರೆ ಕಾಲು ಗಂಟೆ ಎಂದು ಅವಳಿಗೆ ಗೊತ್ತಿತ್ತು.

"ಸಾಕು ಬುಡಮ್ಮ, ಚರ್ಮ ಕಿತ್ತೋಯ್ತದೆ," ಎಂದ ಯತೀಶ್.

"ಇನ್ನೊಂದು ಸಲ ಹಾಡ್ಬೇಕು. ಕಾಲು ಕೊಡು ಮಗ. ಆಮ್ಯಾಕೆ ಸೀದಾ ಹುಣಸೂರಿಗೋಗಿ ಸೂಜಿ ಹಾಕುಸ್ಕೊ."

"ಸೂಜಿ ಅಂದ್ರೆ ನಂಗಾಗಕಿಲ್ಲಮ್ಮ."

"ಲಾಠಿ ಹಿಡಿಯೋನು ಸೂಜಿಗೆ ಹೆದರ್ಕಂಡ್ರೆ ಹೆಂಗಪ್ಪ?"

ಮಧ್ಯಾಹ್ನ ಔಟ್‌ಪೋಸ್ಟಿನ ಹೆಡ್ ಕಾನ್‌ಸ್ಟೇಬಲ್ ನಂಜುಂಡಸ್ವಾಮಿ ಬಂದರು. ಊರವರು ಅವರನ್ನು ದಫೇದಾರರು ಎನ್ನುತ್ತಾರೆ. ಬಂದವರೇ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ ಕೇಸಾಗುತ್ತದೆ ಎಂದರು.

"ಯಾರ ಮೇಲೆ ಸ್ವಾಮಿ, ನನ್ನ ಮೇಲಾ, ನಾಯಿ ಮೇಲಾ?" ಎಂದು ಕೆಂಪಾಜಮ್ಮ ತಿಳಿದುಕೊಳ್ಳಲೆಂದೇ ಕೇಳಿದಳು.

"ಇಬ್ರ ಮೇಲೂ. ಮೊದ್ಲು ಇದನ್ನ ಹೊಡ್ದಾಕಿ ತಲೆ ಲ್ಯಾಬಿಗೆ ಕಳಿಸ್ಬೇಕು. ಹುಚ್ಚು ಐತೋ ಇಲ್ವೋ ಗೊತ್ತಾಗ್ಲಿ."

ಜೊತೆಯಲ್ಲಿ ಬಂದಿದ್ದ ಪಶು ಆಸ್ಪತ್ರೆಯ ಸುನೀಲ್‌ಕುಮಾರ್ ಕೆಮ್ಮಿದರು. "ತಲೆ ಪರೀಕ್ಷೆ ಸತ್ತೋದ ನಾಯಿಗೆ ದಫೇದಾರ್ರೆ. ಬದುಕಿರೋದನ್ನ ಹತ್ತು ದಿನ ಕಟ್ಟಾಕಿ ನೋಡ್ಬೇಕು. ಕಚ್ಚೋವಾಗ್ಲೇ ಜೊಲ್ಲಲ್ಲಿ ಕಾಯಿಲೆ ಇದ್ದಿದ್ರೆ ಅಷ್ಟ್ರೊಳಗೆ ಅದೇ ಸಾಯ್ತದೆ. ಚೆನ್ನಾಗೇ ಇದ್ರೆ ಯತೀಶ್‌ಗೂ ಭಯ ಇಲ್ಲ. ಅಲ್ಲೀಗಂಟ ಇಂಜೆಕ್ಷನ್ ಮಾತ್ರ ತಪ್ಪಿಸಂಗಿಲ್ಲ. ಇವತ್ತೊಂದು, ಮೂರಕ್ಕೊಂದು, ಏಳಕ್ಕೊಂದು, ಆಮೇಲೆ ಇನ್ನೆರಡು."

"ಅಂಗಾರೆ ನಮ್ಮ ಔಟ್‌ಪೋಸ್ಟಲ್ಲೇ ಕಟ್ತೀವಿ. ಈಯಮ್ಮನ ಕೈಲಿ ಬುಟ್ರೆ ಇನ್ಯಾವ್ದೋ ನಾಯಿ ತಂದು ಕಟ್ಟಿ, ಇದೇ ಅದು ಅಂತಾರೆ. ನಾವು ಎಷ್ಟು ಕೇಸು ನೋಡಿಲ್ಲ," ಎಂದರು ದಫೇದಾರರು.

ಹೀಗೆ ಕೆಂಚ ಕಲ್ಲುಮಂಟಿಯ ಔಟ್‌ಪೋಸ್ಟಿನ ಹಿಂದಿನ ಹೊಂಗೆ ಮರದ ಕೆಳಗೆ ಪೊಲೀಸ್ ವಶಕ್ಕೆ ಹೋಯಿತು. ವಶಕ್ಕೆ ತೆಗೆದುಕೊಂಡವರಿಗೆ ಅದಕ್ಕೆ ಊಟ ಹಾಕಬೇಕೆಂಬುದು ಹೊಳೆದಿರಲಿಲ್ಲ. ಕೆಂಪಾಜಮ್ಮ ದಿನಾ ಏಳು ಗಂಟೆಯ ಬಸ್ಸಿಗೆ ಡಬ್ಬಿಯಲ್ಲಿ ಮುದ್ದೆ ಸಾರು ಕಟ್ಟಿಕೊಂಡು ಹೋಗಿ, ತಿನ್ನಿಸಿ, ಶಾಲೆಯ ಹೊತ್ತಿಗೆ ವಾಪಸು ಬರುತ್ತಿದ್ದಳು. ಕೆಂಚ ಮುದ್ದೆ ತಿನ್ನುವುದನ್ನು ನೋಡಬೇಕು. ಸಾರಿನಲ್ಲಿ ಅದ್ದಿದ ತುತ್ತನ್ನು ಹಲ್ಲಿಗೆ ತಾಗಿಸದೆ ಗುಳುಕ್ಕನೆ ನುಂಗುತ್ತಿತ್ತು. ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಹೇಗೆ ನುಂಗುತ್ತಾರೋ ಹಾಗೆ. ಆರು ದಿನ ಹೀಗೇ ನಡೆಯಿತು.

ಏಳನೇ ದಿನ ಅವಳು ಡಬ್ಬಿ ಬಿಚ್ಚಿದಾಗ ನಾಯಿ ಬಾಲ ಅಲ್ಲಾಡಿಸಲಿಲ್ಲ. ಬಣ್ಣ ಅದೇ ಕೆಂಚು. ಕಿವಿಯೂ ಹಾಗೇ ಇತ್ತು. ತುತ್ತನ್ನು ಮೂಸಿ, ಬ್ರೆಡ್ಡು ಕಚ್ಚುವ ಹಾಗೆ ಕಚ್ಚಿತು. ಮುದ್ದೆ ಅಂಗುಳಿಗೆ ಅಂಟಿಕೊಂಡಿತು. ನಾಯಿ ತಲೆ ಒದರಿತು, ಮುಂಗಾಲಿನಿಂದ ಬಾಯಿ ಕೆರೆದುಕೊಂಡಿತು, ಎರಡೂ ಕಡೆಯಿಂದ ಜೊಲ್ಲು ಸುರಿಯತೊಡಗಿತು.

ಹಲ್ಲುಜ್ಜುತ್ತಾ ಬಂದ ಯತೀಶ್ ಅಲ್ಲೇ ನಿಂತ. ಅವನ ಬಾಯಿಂದಲೂ ನೊರೆ ಸೋರಿತು. "ಸಾರ್, ನಾಯಿಗೆ ಬಂದ್ಬುಡ್ತು ಸಾರ್. ಜೊಲ್ಲು ನೋಡಿ."

"ಅದಕ್ಕೇನೂ ಆಗಿಲ್ಲ ಬುಡ್ಲಾ," ಎಂದರು ಕುರ್ಚಿಯಲ್ಲಿದ್ದ ದಫೇದಾರರು, ತಿರುಗಿಯೂ ನೋಡದೆ. ಕಚ್ಚಿದ ನಾಯಿಯ ಬಗ್ಗೆ ಮೊದಲ ದಿನ ತಲೆಯನ್ನೇ ಕೇಳಿದವರಿಗೆ ಈಗ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೆಂಪಾಜಮ್ಮ ಯೋಚಿಸಿದಳು. ಯೋಚಿಸುತ್ತಲೇ ಚಿಪ್ಪಿನಲ್ಲಿ ನೀರು ತಂದು ಮುಂದಿಟ್ಟಳು. ನಾಯಿ ಲೊಚಲೊಚ ಕುಡಿಯಿತು. ಮುದ್ದೆ ಇಳಿಯಿತು. ಮರಕ್ಕೆ ಕಟ್ಟಿದ ಹಗ್ಗವನ್ನೂ ಅವಳು ನೋಡಿದಳು. ಅದೇ ಹಗ್ಗ, ಎಲ್ಲೂ ಕಡಿದಿರಲಿಲ್ಲ, ಗಂಟು ಮಾತ್ರ ಹೊಸದು.

"ನೀರು ಕುಡೀತಲ್ಲ," ಎಂದು ಯತೀಶ್ ಉಸಿರು ಬಿಟ್ಟ. "ಅಂಗಾರೆ ಚೆನ್ನಾಗೈತೆ. ಇವತ್ತು ಮೂರನೇ ಸೂಜಿ ಸಾರ್. ಓಗ್ಲೇಬೇಕಾ?"

"ಯಾಕ್ಲಾ ಸುಮ್ನೆ ಚುಚ್ಚುಸ್ಕತೀಯ? ನಾಯಿ ಗುಂಡುಕಲ್ಲಂಗೈತೆ. ಬರ್ದೇ ಮುಗ್ಸಿದ್ದೀನಿ." ದಫೇದಾರರು ಕಾಗದವೊಂದನ್ನು ತಂದು ಕೆಂಪಾಜಮ್ಮನ ಮುಂದೆ ಹಿಡಿದರು. ಯತೀಶ್ ಬಾಯಿ ತೊಳೆಯಲು ಆಚೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು. "ಕೆಂಪಾಜಮ್ಮೋರೆ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಒಂದು ರುಜು ಹಾಕಿ. ಕೇಸೂ ಇಲ್ಲ, ಏನೂ ಇಲ್ಲ. ನಿಮ್ಮ ನಾಯಿ ಎಲ್ಲಾದ್ರೂ ತಿರುಗಾಡ್ಕಂಡಿದ್ರೆ ಅದನ್ನ ಯಾರೂ ಹುಡುಕ್ಕಂಡು ಬರಕಿಲ್ಲ."

ಅವಳಿಗೆ ಎಲ್ಲವೂ ಅರ್ಥವಾಯಿತು. ಕೆಂಚ ಇಲ್ಲಿಲ್ಲ. ದೊಣ್ಣೆ, ಲ್ಯಾಬು, ತಲೆ ಯಾವುದೂ ಇನ್ನು ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಅವಳು ಮಾಡಬೇಕಾದದ್ದು ನಾಲ್ಕೇ ಅಕ್ಷರ ಬರೆಯುವುದು. ಏಳು ದಿನದಿಂದ ಅವಳು ಮಲ್ಲಯ್ಯನನ್ನು ಕೇಳಿಕೊಂಡಿದ್ದೂ ಅದನ್ನೇ, ಕೆಂಚನನ್ನು ಉಳಿಸಪ್ಪ ಎಂದು. ಮಲ್ಲಯ್ಯ ಇಷ್ಟು ಸಲೀಸಾಗಿ ಕೊಟ್ಟದ್ದು, ಅದೂ ದಫೇದಾರರ ಕೈಯಿಂದ ಕೊಟ್ಟದ್ದು ಅವಳಿಗೆ ಸರಿಬರಲಿಲ್ಲ. ಕಚ್ಚಿದ ನಾಯಿ ಎಲ್ಲಿದೆಯೋ, ಹೇಗಿದೆಯೋ ಯಾರಿಗೂ ಗೊತ್ತಿಲ್ಲ. ಯಾವುದೋ ಬೀದಿನಾಯಿ ನೀರು ಕುಡಿದದ್ದನ್ನು ನಂಬಿಕೊಂಡು ಹುಡುಗ ಸೂಜಿ ಬಿಡುತ್ತಿದ್ದಾನೆ.

ಅವಳು ಕಾಗದವನ್ನು ಬೆಳಕಿಗೆ ಹಿಡಿದಳು. "ಸ-ದ-ರಿ ನಾ-ಯಿ-ಯು..."

"ಮನಸ್ನಲ್ಲಿ ಓದ್ಕಳ್ರಮ್ಮ."

"ನಂಗೆ ಅಂಗೆ ಬರಕಿಲ್ಲ ಸ್ವಾಮಿ." ಅವಳು ಬೆರಳಿಟ್ಟುಕೊಂಡು ಮುಂದುವರಿಸಿದಳು. "ಸದರಿ ನಾ-ಯಿ-ಯು ಹ-ತ್ತ-ನೇ ದಿ-ನ-ವೂ ಆ-ರೋ-ಗ್ಯ-ವಾ-ಗಿ-ತ್ತು."

ನಲ್ಲಿಯ ಬಳಿ ನೀರಿನ ಸದ್ದು ನಿಂತಿತು.

"ಹತ್ನೇ ದಿನ ಭಾನುವಾರ ಅಲ್ವಾ ಸ್ವಾಮಿ? ಇವತ್ತು ಗುರುವಾರ."

"ಅದು ಬರ್ದಿಟ್ಟಿರದು. ಮುಂದಕ್ಕೆ ಓದಿ. ಬ್ಯಾಡ ಬ್ಯಾಡ, ಓದ್ಬೇಡಿ, ರುಜು ಹಾಕಿ."

"ಇ-ದು ನ-ನ್ನ-ದೇ ನಾ-ಯಿ ಎಂ-ದು ನಾ-ನು ಗು-ರು-ತಿ-ಸಿ-ರು-ತ್ತೇ-ನೆ." ಕೆಂಪಾಜಮ್ಮ ಕಾಗದ ಮಡಚಿ ವಾಪಸು ಕೊಟ್ಟಳು. "ಗುರ್ತಿಸಿಲ್ವಲ್ಲ ಸ್ವಾಮಿ. ಇದು ಪ್ಯಾಟೆ ನಾಯಿ. ಮುದ್ದೆ ಅಗೀತದೆ."

ಯತೀಶ್ ಒದ್ದೆ ಮುಖದಲ್ಲಿ ಬಂದು ನಿಂತಿದ್ದ. "ನನ್ನ ಕಚ್ಚಿದ್ದು ಎಲ್ಲಿ ಸಾರ್?"

ದಫೇದಾರರು ಮೊದಲು ಹಗ್ಗ ಕಿತ್ತುಕೊಂಡು ಹೋಯಿತೆಂದರು. ಕೆಂಪಾಜಮ್ಮ ಸುಮ್ಮನೆ ಹಗ್ಗದ ಕಡೆ ನೋಡಿದಳು. ಆಮೇಲೆ, ಊಳಿಟ್ಟು ಊಳಿಟ್ಟು ನಿದ್ದೆಗೆಡಿಸುತ್ತಿತ್ತು, ಸ್ವಲ್ಪ ಸಡಿಲ ಮಾಡಿದ್ದಷ್ಟೆ ಎಂದರು. ಬಿಟ್ಟರೋ ತಪ್ಪಿಸಿಕೊಂಡಿತೋ ಎಂಬುದರ ಬಗ್ಗೆ ಕಲ್ಲುಮಂಟಿಯಲ್ಲಿ ಇಂದಿಗೂ ಎರಡು ಮಾತಿದೆ. ಔಟ್‌ಪೋಸ್ಟಿನವರು ಒಂದು ಮಾತು ಹೇಳುತ್ತಾರೆ, ಊರಿನವರೆಲ್ಲ ಇನ್ನೊಂದು ಹೇಳುತ್ತಾರೆ.

ಯತೀಶ್ ಅಂಗಿ ಹಾಕಿಕೊಂಡು ಬೈಕು ತೆಗೆದ. ಹುಣಸೂರಿಗೆ ಹೋಗುವ ದಾರಿಯಲ್ಲಿ ಕೆಂಪಾಜಮ್ಮನನ್ನು ಶಾಲೆಯ ಹತ್ತಿರ ಇಳಿಸಿದ. ಅವಳು ಇಳಿದ ಮೇಲೆ, "ಚುಚ್ಚೋವಾಗ ಏನ್ಮಾಡ್ಬೇಕಮ್ಮ?" ಎಂದು ಕೇಳಿದ.

"ಆಚೆ ಕಡೆ ತಿರುಕ್ಕೊಂಡು ಹಾಡು ಹೇಳ್ಕೊ," ಎಂದಳು.

ಹನ್ನೆರಡನೇ ದಿನ, ಮಂಗಳವಾರ, ಕೆಂಚ ಮನೆಗೆ ಬಂತು. ಪಕ್ಕೆಲುಬು ಎಣಿಸುವಂತಿತ್ತು, ಮೈತುಂಬ ಉಣ್ಣೆಹುಳು. ಆದರೂ ಡಬ್ಬಿಯ ಸದ್ದಿಗೆ ಬಾಲ ಬಡಿಯಿತು, ಮುದ್ದೆಯನ್ನು ಗುಳುಕ್ಕನೆ ನುಂಗಿತು. ಸುನೀಲ್‌ಕುಮಾರ್ ಬಂದು ನೋಡಿ, ಇದಕ್ಕೆ ಹಸಿವು ಬಿಟ್ಟರೆ ಬೇರೆ ರೋಗವಿಲ್ಲ ಎಂದರು.

ಸುದ್ದಿ ಕೇಳಿ ದಫೇದಾರರು ತಾವೇ ಬಂದರು, ಬಹಳ ಖುಷಿಯಲ್ಲಿದ್ದರು. "ನೋಡಿದ್ರಾ ಕೆಂಪಾಜಮ್ಮೋರೆ? ನಾನು ಬರ್ದಿದ್ದೇ ನಿಜ ಆಯ್ತು. ಹತ್ನೇ ದಿನವೂ ಆರೋಗ್ಯವಾಗಿತ್ತು. ಆ ಹುಡುಗುನ್ನ ಸುಮ್ಸುಮ್ನೆ ಚುಚ್ಚುಸ್ಬುಟ್ರಿ."

"ಊ ಸ್ವಾಮಿ," ಎಂದಳು ಕೆಂಪಾಜಮ್ಮ. "ನಿಮ್ಮ ಪುಣ್ಯ ದೊಡ್ಡದು. ನಾಯಿನೂ ನಿಮ್ಮ ಕಾಗದದಂಗೇ ನಡ್ಕಂತು."

ದಫೇದಾರರಿಗೆ ಇನ್ನೊಂದು ತೊಡಕು ಉಳಿದಿತ್ತು. ವಶದಲ್ಲಿದ್ದ ನಾಯಿಯನ್ನು ಮಾಲೀಕರಿಗೆ ಒಪ್ಪಿಸಿದ್ದೇವೆಂದು ಬರೆಯಬೇಕು. ವಶದಲ್ಲಿರುವುದು ಪೇಟೆಯ ನಾಯಿ, ಮಾಲೀಕಳ ನಾಯಿ ಮನೆಯಲ್ಲೇ ಇದೆ. ಈ ಸಲ ಕಾಗದ ಯತೀಶನ ಕೈಬರಹದಲ್ಲಿ ಬಂತು. ಕೆಂಪಾಜಮ್ಮ ಜಗಲಿಯಲ್ಲಿ ನಿಂತು ಪೂರ್ತಿ ಓದಿದಳು. ಕೆಂಚ ಎಂಬ ನಾಯಿ ತಾನಾಗಿ ಮನೆ ಸೇರಿದೆ, ವಾರಸುದಾರರಿಲ್ಲದ ಇನ್ನೊಂದು ನಾಯಿಯನ್ನು ಕೆಂಪಾಜಮ್ಮ ದಯೆಯಿಂದ ಸಾಕಲು ಒಪ್ಪಿದ್ದಾರೆ ಎಂದಿತ್ತು. ಒಪ್ಪಿದ್ದೇನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಕೆಳಗೆ ಬೈಕಿನ ಮೇಲೆ ಗೋಣಿಚೀಲದಿಂದ ತಲೆ ಹೊರಹಾಕಿ ಕುಳಿತಿದ್ದ ನಾಯಿಯನ್ನು ನೋಡಿದಳು. "ಈಗ ಒಪ್ಕಂಡೆ," ಎಂದು ಹೇಳಿ, ಆಮೇಲೆ ರುಜು ಹಾಕಿದಳು.

ತಿಂಗಳಾದ ಮೇಲೆ ಯತೀಶ್ ಚೆಲುವಯ್ಯನಿಗೆ ಮತ್ತೊಂದು ಸಮನ್ಸು ತಂದ. ಐದೂ ಸೂಜಿ ಮುಗಿದಿದ್ದವು. ಚೆಲುವಯ್ಯ ಕಾಗದ ಇಸಕೊಂಡು ತಿರುವಿ ನೋಡಿದ.

"ರುಜು ಹಾಕಣ್ಣ," ಎಂದ ಯತೀಶ್.

"ತಡಿಯಪ್ಪ. ಮೊದ್ಲು ಕೆಂಪಾಜಕ್ಕನ ಕೈಲಿ ಓದುಸ್ಕತೀನಿ."

ಕೆಂಪಾಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಸಮನ್ಸು ಎರಡು ಪುಟವಿತ್ತು. ಯತೀಶ್ ಕಾಲ ಕೆಳಗೆ ಸರಿಯಾಗಿ ನೋಡಿಕೊಂಡು, ಮೆಟ್ಟಿಲ ಮೇಲೆ ಎರಡು ನಾಯಿಗಳ ನಡುವೆ ಇದ್ದ ಜಾಗದಲ್ಲಿ ಕುಳಿತ. ಒಂದು ನಿದ್ದೆ ಮಾಡುತ್ತಿತ್ತು. ಇನ್ನೊಂದು ಬೆಳಗಿನ ಮುದ್ದೆಯನ್ನು ಇನ್ನೂ ಅಗಿಯುತ್ತಿತ್ತು.