ಚೋಮ ತೊಳೆದ ಕೋಕೋ

ಸೋಮವಾರಪೇಟೆ ಕಡೆಯ ನಮ್ಮ ಎಸ್ಟೇಟಿನಲ್ಲಿ ಕಾಫಿ ತೊಳೆಯುವುದೆಂದರೆ ಚೋಮನೇ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ತೊಟ್ಟಿಯಲ್ಲಿ ಮೂವತ್ತೆರಡು ವರ್ಷ ಮೊಣಕಾಲುದ್ದ ನೀರಿನಲ್ಲಿ ನಿಂತು ಬೀಜದ ಅಂಟು ಬಿಡಿಸಿದವನು. ಮುಷ್ಟಿಯಲ್ಲಿ ಹಿಡಿದರೆ ಬೀಜ ಗರಗರ ಅನ್ನಬೇಕು, ಜಾರಿದರೆ ಮತ್ತೆ ನೀರಿಗೆ. ನಾನು ಲೆಕ್ಕ ಬರೆಯುವ ರೈಟರಾಗಿ ಬಂದ ಹೊಸದರಲ್ಲಿ ಒಮ್ಮೆ ಸಾಕು, ತೆಗೆ ಎಂದಿದ್ದೆ. ಆಳುಗಳೆಲ್ಲರ ಎದುರು, "ಓದಿದ್ ಕೈಗೆ ಇದೆಲ್ಲ ಗೊತ್ತಾಗಲ್ಲ ರೈಟ್ರೇ" ಅಂದುಬಿಟ್ಟ. ಎಲ್ಲರೂ ನಕ್ಕರು. ನನ್ನದು ಸಣ್ಣ ಬುದ್ಧಿ, ಹತ್ತು ವರ್ಷವಾದರೂ ಆ ನಗು ಮರೆತಿಲ್ಲ.

ಹೋದ ವರ್ಷ ಅಂಟು ತೆಗೆಯುವ ಮೆಷಿನ್ ಬಂತು. ಚೋಮನಿಗೆ ಕೆಲಸ ಹೋಯಿತು. ಕೆಲಸವಿಲ್ಲದವರಿಗೆ ಎಸ್ಟೇಟು ಆಳುಗಳಿಗೆ ಕೊಡುವ ಲೈನ್ ಮನೆಯೂ ಇಲ್ಲ. ಅವನೂ ಹೆಂಡತಿ ಮುದ್ದಿಯೂ ಎಲ್ಲಿಗೆ ಹೋಗಬೇಕು? ಆಗ ಬಂಗಲೆಯಲ್ಲಿ ಹೋಂಸ್ಟೇ ನಡೆಸುವ ಮೋನಿಷಾ ಮೇಡಂ ಒಂದು ದಾರಿ ತೋರಿಸಿದರು. ತೋಟದಂಚಿನ ಕೋಕೋ ಗಿಡಗಳು ಕಾಯಿ ಬಿಟ್ಟಿದ್ದವು. ಮನೆಯಲ್ಲೇ ಮಾಡಿದ ಗಟ್ಟಿ ಹಾಟ್ ಚಾಕೊಲೇಟ್ ಗೆಸ್ಟುಗಳಿಗೆ ಹಿಡಿಸಿದರೆ ಚೋಮ ಆ ಕೆಲಸಕ್ಕೇ ಉಳಿಯಲಿ ಎಂದರು.

ಚೋಮ ಕಾಯಿ ಒಡೆದ. ಬೀಜದ ಸುತ್ತ ಬಿಳಿ ಲೋಳೆ. ಅದನ್ನು ಕಂಡದ್ದೇ ಮುಖ ಅರಳಿತು. ಬುಟ್ಟಿಗೆ ಹಾಕಿ ಉಜ್ಜಿ ಉಜ್ಜಿ, ಏಳು ನೀರಿನಲ್ಲಿ ತೊಳೆದು, ಬೀಜ ಗರಗರ ಅಂದಮೇಲೆ ಬಿಸಿಲಿಗೆ ಹರವಿದ.

ಕೋಕೋ ಕಾಫಿಯಲ್ಲ. ಬೀಜವನ್ನು ಆ ಲೋಳೆಯ ಜೊತೆಗೇ ಬಾಳೆಎಲೆ ಮುಚ್ಚಿ ಐದಾರು ದಿನ ಹುಳಿಯಲು ಬಿಡಬೇಕು, ಇಲ್ಲದಿದ್ದರೆ ಬರೀ ಕಹಿ. ಸಸಿಯ ಜೊತೆ ಬಂದ ಕಾಗದದಲ್ಲಿ ಹಾಗೆಂದು ಓದಿದ್ದೆ. ಅವನು ತೊಳೆಯುವಾಗ ಪಕ್ಕದಲ್ಲೇ ನಿಂತಿದ್ದೆ. ಇವನಿಗೆ ತೊಳೆಯುವುದನ್ನು ಹೇಳಿಕೊಡಲು ನಾನ್ಯಾರು ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಒಳಗೊಳಗೇ ಖುಷಿಯೂ ಆಗಿತ್ತು.

ಮುದ್ದಿ ಲೈನ್ ಮನೆಯ ಒಲೆಯಲ್ಲಿ ಬೀಜ ಹುರಿದಳು, ಸಿಪ್ಪೆ ಬಿಡಿಸಿ ಒರಳಲ್ಲಿ ನುಣ್ಣಗೆ ಅರೆದಳು, ಗಟ್ಟಿ ಹಾಲಿಗೆ ಸಕ್ಕರೆ ಸೇರಿಸಿ ಸೌಟಿಗೆ ಅಂಟುವಷ್ಟು ಕುದಿಸಿದಳು. ಚೋಮ ಒಗೆದ ಅಂಗಿ ಹಾಕಿಕೊಂಡು ತಾನೇ ಬಂಗಲೆಗೆ ಒಯ್ದ. ಗೆಸ್ಟುಗಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಮೇಡಂ ಇನ್ನೆರಡು ಚಮಚ ಸಕ್ಕರೆ ಹಾಕಿ ನೋಡಿದರು.

"ಕಷಾಯದ ಥರ ಇದೆ ಚೋಮ, ಬಿಡು," ಅಂದರು.

ಮರುದಿನ ಕುಶಾಲನಗರದಿಂದ ಪೌಡರ್ ಡಬ್ಬಿ ಬಂತು. ಮೇಡಂ ಮೊದಲೇ ಬಂಗಲೆಯ ಮುಂದೆ ಹಾಕಿಸಿದ್ದ 'ನಮ್ಮ ತೋಟದ ಕೋಕೋ' ಎಂಬ ಬೋರ್ಡನ್ನು ಮಾತ್ರ ಯಾರೂ ತೆಗೆಯಲಿಲ್ಲ. ಲೈನ್ ಮನೆ ಬಿಡಬೇಕೆಂಬ ಚೀಟಿ ಬರೆದವನು ನಾನೇ.

ಹೊರಡುವ ದಿನ ಮುದ್ದಿ ಪಾತ್ರೆಗಂಟು ಹೊತ್ತು ಗೇಟಿನಲ್ಲಿ ನಿಂತಿದ್ದಳು. ಚೋಮ ಆಫೀಸಿಗೆ ಬಂದು ಬೀಗದ ಕೈ ಮೇಜಿನ ಮೇಲಿಟ್ಟ. ಹೋಗದೆ ನಿಂತ.

"ನಂದೇ ತಪ್ಪು ರೈಟ್ರೇ. ವಯಸ್ಸಾತು, ಕೈಗೆ ಸರಿ ಗೊತ್ತಾಗ್ಲಿಲ್ಲ. ಇನ್ನೊಂದೆರಡು ನೀರು ತೊಳೀಬೇಕಿತ್ತೇನೋ."

ಈಗಲಾದರೂ ಹೇಳಬಹುದಿತ್ತು.

"ಇರಬಹುದು ಚೋಮ," ಅಂದೆ.